ಐದು ಹತ್ತರ ಬಸ್ಸಿನ ಮೇಷ್ಟ್ರು

ಕಾಪುವಿನ ದೀಪಸ್ತಂಭ ನೋಡಲು ಬರುವವರೆಲ್ಲ ದೀಪಸ್ತಂಭ ನೋಡಲು ಬರುವುದಿಲ್ಲ. ಕೆಲವರು ಬಂಡೆಯ ತೆಂಕು ಬದಿಗೆ ಇಳಿದು, ಅಲೆ ನೋಡುವವರ ಹಾಗೆ ಕೂತು, ಪಕ್ಕದಲ್ಲಿ ಕೂತವನ ಮುಖವನ್ನು ಓರೆಗಣ್ಣಿನಿಂದ ನೋಡುತ್ತಾರೆ. ಎರಡು ಸಾವಿರದ ಆರನೆಯ ಇಸವಿಯಲ್ಲಿ, ಗಂಡಸನ್ನು ಬಯಸುವ ಗಂಡಸಿಗೆ ಉಡುಪಿಯಿಂದ ಕಾರ್ಕಳದವರೆಗೆ ನೆಮ್ಮದಿಯಾಗಿ ಕೂರಲು ಇದ್ದ ಜಾಗ ಅಷ್ಟೇ. ಅಲ್ಲಿಯೂ ಪೊಲೀಸರ ಹೆದರಿಕೆ ಇದ್ದೇ ಇತ್ತು.

ಆ ಬಂಡೆಯ ಮೇಲೆ ಸಂಜೆ ಕಳೆಯುವುದೇ ಮಲ್ಲಿನಾಥನ ಉದ್ಯೋಗ. ರೋಣದ ಕಡೆಯವನು. ಮಣಿಪಾಲದಲ್ಲಿ ಹಾಸ್ಟೆಲುಗಳು ಒಂದರ ಮೇಲೊಂದು ಏಳುತ್ತಿದ್ದ ಕಾಲಕ್ಕೆ ಟೈಲ್ಸ್ ಹಾಕಲು ಬಂದು, ಹನ್ನೊಂದು ವರ್ಷ ಮೊಣಕಾಲ ಮೇಲೇ ಬದುಕಿ, ಮೊಣಕಾಲು ಕೈಕೊಟ್ಟ ಮೇಲೆ ಉಡುಪಿಯ ಒಂದು ಸಣ್ಣ ಸಂಸ್ಥೆ ಸೇರಿದ. ಅವನೂ ಅಂಥವನೇ ಎಂಬುದೇ ಆ ಕೆಲಸಕ್ಕೆ ಬೇಕಿದ್ದ ಅರ್ಹತೆ. ಜೀವಮಾನದಲ್ಲಿ ಆ ಗುಣಕ್ಕೆ ಅವನಿಗೆ ಸಿಕ್ಕ ಒಂದೇ ಒಂದು ಮರ್ಯಾದೆ ಅದು. ಚೀಲದಲ್ಲಿ ಕಾಂಡೋಮು ಇಟ್ಟುಕೊಂಡು, ಬಂದವರ ಪಕ್ಕ ಕೂತು, ಸೆಕೆ, ಮೀನು, ಬಸ್ಸು ಎಂದೆಲ್ಲ ಹರಟಿ, ಮೆಲ್ಲಗೆ ಹುಣ್ಣು, ಉರಿ, ಕೀವಿನ ಮಾತಿಗೆ ಬರಬೇಕು. ಮುಚ್ಚಿಟ್ಟುಕೊಂಡು ಸಾಯಬೇಡಿ, ಔಷಧಿ ಉಂಟು ಎಂದು ಹೇಳಿ, ಬುಧವಾರ ಅವರನ್ನು ಸಂಸ್ಥೆಯ ಕ್ಲಿನಿಕ್ಕಿಗೆ ಕರೆದೊಯ್ಯಬೇಕು. ಕ್ಲಿನಿಕ್ಕಿನ ಬೋರ್ಡಿನಲ್ಲಿ ‘ಚರ್ಮರೋಗ ಮತ್ತು ಸಾಮಾನ್ಯ ರೋಗ’ ಎಂದಷ್ಟೇ ಬರೆದಿತ್ತು. ಒಳಗೆ ಕೂರುವ ನರ್ಸು ಸಿಸ್ಟರ್ ಇಮೆಲ್ಡಾ ಯಾರನ್ನೂ ಏನನ್ನೂ ಹೆಚ್ಚು ಕೇಳುವವರಲ್ಲ.

ಬಂಡೆಯ ಮೇಲೆ ಯಾರೂ ಯಾರ ಹೆಸರನ್ನೂ ಕೇಳುವಂತಿರಲಿಲ್ಲ. ಹಾಗಾಗಿ ಮಲ್ಲಿನಾಥ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ: ಯಾರು ಯಾವ ಬಸ್ಸಿನಲ್ಲಿ ಬರುತ್ತಾರೋ ಅದೇ ಅವರ ಹೆಸರು. ಒಬ್ಬ ‘ಆರೂಕಾಲು ಮಲ್ಪೆ’, ಇನ್ನೊಬ್ಬ ‘ನಾಲ್ಕೂವರೆ ಕಲ್ಯಾಣಪುರ’. ಮಲ್ಲಿನಾಥನನ್ನು ಎಲ್ಲರೂ ‘ಮೇಸ್ತ್ರಿ’ ಎನ್ನುತ್ತಿದ್ದರು. ಹೊಸಬರಿಗೆಲ್ಲ ಅವನು ಮೊದಲ ದಿನವೇ ಮಾತು ಕೊಡುತ್ತಿದ್ದ: ದಾರಿಯಲ್ಲಿ ಸಿಕ್ಕರೆ ನಿಮ್ಮ ಗುರುತು ನನಗಿಲ್ಲ, ನಿಮ್ಮ ಮನೆಯ ದಾರಿ ನನಗೆ ಯಾವತ್ತೂ ಗೊತ್ತಿರುವುದಿಲ್ಲ.

ಕಾರ್ಕಳದ ಕಡೆಯಿಂದ ಶಿರ್ವದ ಮೇಲೆ ಬರುವ ಐದು ಹತ್ತರ ಬಸ್ಸಿನಲ್ಲಿ ಗುರುವಾರ ಗುರುವಾರ ಒಬ್ಬರು ಬರುತ್ತಿದ್ದರು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಬಲಗೈ ತೋಳಿನ ತುದಿಗೆ ಸೀಮೆಸುಣ್ಣದ ಪುಡಿ. ಮೇಷ್ಟ್ರು ಎಂದು ತಿಳಿಯಲು ಪಂಡಿತನಾಗಬೇಕಿರಲಿಲ್ಲ. ಮೊದಮೊದಲು ಅವರು ಬಂಡೆಯ ಬೇರೆ ಗಂಡಸರ ಜೊತೆ ಹೋಗಿಬರುತ್ತಿದ್ದುದುಂಟು. ಆಮೇಲಾಮೇಲೆ ಅದು ಕಡಿಮೆಯಾಗಿ, ಬಂದವರು ಮಲ್ಲಿನಾಥನ ಪಕ್ಕ ಕೂತು ನೆಲಗಡಲೆ ತಿಂದು, ಏಳು ಗಂಟೆಯ ಬಸ್ಸಿಗೆ ಹಿಂದೆ ಹೋಗತೊಡಗಿದರು. ಎರಡು ವರ್ಷ ಹೀಗೇ ನಡೆಯಿತು. ಶಾಲೆಯ ಮಾತು, ಹೆಂಡತಿಯ ಮಾತು, ಏನೂ ಮಾತಿಲ್ಲದ ಸಂಜೆಗಳು. ಒಮ್ಮೆ ಮಾತ್ರ ಇಳಿಯುವಾಗ ಪಾಚಿಗೆ ಜಾರಿ ಮಲ್ಲಿನಾಥನ ಕೈ ಹಿಡಿದವರು, ರಸ್ತೆ ಕಾಣುವವರೆಗೂ ಬಿಡಲಿಲ್ಲ. ಇಬ್ಬರ ನಡುವೆ ಮೈಯ ಸಂಬಂಧ ಇರಲಿಲ್ಲ. ಇದ್ದಿದ್ದರೆ ಮರೆಯುವುದು ಸುಲಭವಿತ್ತೋ ಏನೋ.

ಅಕ್ಟೋಬರಿನಲ್ಲಿ ಒಂದು ಗುರುವಾರ ಅವರು ಹೇಳಿದರು: “ಹೆಂಡತಿಗೆ ಐದು ತಿಂಗಳು ಮೇಸ್ತ್ರಿ. ಬಚ್ಚಲಲ್ಲಿ ಒಂದು ಟೈಲ್ಸ್ ಎದ್ದುಕೊಂಡಿದೆ. ಎಲ್ಲಿ ಎಡವಿ ಬೀಳುತ್ತಾಳೋ ಅಂತ ನನಗೆ ನಿದ್ದೆಯೇ ಇಲ್ಲ. ಒಂದು ಟೈಲ್ಸಿಗೆ ಯಾವ ಕೆಲಸದವನೂ ಬರುವುದಿಲ್ಲ, ಮಾರಾಯ.”

“ಐದ ತಿಂಗಳಾತಲ್ರೀ ಸರ? ಹಂಗಾರ ಮೊದಲು ನಿಮ್ಮ ರಕ್ತ ಒಮ್ಮೆ ತೋರಸ್ರಿ. ಟೈಲ್ಸ್ ಆಮ್ಯಾಲೆ,” ಎಂದ ಮಲ್ಲಿನಾಥ.

ಮುಂದಿನ ಬುಧವಾರ ಅವರು ಶಾಲೆಗೆ ರಜೆ ಹಾಕಿ ಬಂದರು. ಬೆವರುತ್ತಾ ಕೈ ಚಾಚಿ ರಕ್ತ ಕೊಟ್ಟರು. ಸಿಸ್ಟರ್ ಇಮೆಲ್ಡಾ ಚೀಟಿ ಎತ್ತಿಕೊಂಡು, “ಒಂದು ಫೋನ್ ನಂಬರಾದರೂ ಬೇಕಲ್ವಾ?” ಎಂದಾಗ ಮೇಷ್ಟ್ರ ಮುಖ ಬಿಳುಚಿಕೊಂಡಿತು. ಮಲ್ಲಿನಾಥ ತಪ್ಪು ಮಾಡಿದ್ದು ಅಲ್ಲಿ.

“ನನ್ನ ನಂಬರ ಬರಕೋರಿ ಸಿಸ್ಟರ್. ಇವರು ನಮ್ಮವರು. ನಾ ಕರಕೊಂಡು ಬರ್ತೀನಿ.”

ನಮ್ಮವರು ಎನ್ನುವಾಗ ಅವನಿಗೆ ಎಷ್ಟು ಹಿತವಾಯಿತೆಂದರೆ, ಅವರನ್ನು ಎಲ್ಲಿಂದ ಕರೆದುಕೊಂಡು ಬರುವುದು ಎಂಬ ಯೋಚನೆಯೇ ಬರಲಿಲ್ಲ.

ವಾರ ಕಳೆದು ಸಿಸ್ಟರ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಸಿಫಿಲಿಸ್. ಎಂದೋ ಅಂಟಿದ್ದು, ಮೈಮೇಲೆ ಗುರುತಿಲ್ಲದೆ ರಕ್ತದಲ್ಲಿ ಅಡಗಿ ಕೂತಿದೆ. “ದೊಡ್ಡ ಸಂಗತಿ ಅಲ್ಲ. ವಾರಕ್ಕೊಂದರಂತೆ ಮೂರು ಇಂಜೆಕ್ಷನ್, ಮುಗಿಯಿತು. ಆದರೆ ಹೆಂಡತಿಯನ್ನೂ ಪರೀಕ್ಷೆ ಮಾಡಬೇಕು. ಅವರಿಗಿದ್ದರೆ ಮಗುವಿಗೆ ಹೋಗುತ್ತದೆ. ಹೊಟ್ಟೆಯಲ್ಲೇ ಸತ್ತುಹೋಗುವುದುಂಟು. ತಡ ಮಾಡಬಾರದು, ಮಲ್ಲಿನಾಥ.”

ಆ ಗುರುವಾರ ಐದು ಹತ್ತರ ಬಸ್ಸಿನಿಂದ ಮೀನಿನ ಬುಟ್ಟಿಯ ಇಬ್ಬರು ಹೆಂಗಸರು ಇಳಿದರು. ಮೇಷ್ಟ್ರು ಇಳಿಯಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಅದರ ಮುಂದಿನದೂ ಇಲ್ಲ. ಮಲ್ಲಿನಾಥ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರಸ್ತೆ ನೋಡಿದ. ಹೆಸರಿಲ್ಲ, ಊರಿಲ್ಲ, ನಂಬರಿಲ್ಲ. ಯಾರಾದರೂ ಕೇಳಿದರೆ ಯಾರೆಂದು ಹೇಳುವುದು, ಬಸ್ಸಿನ ಹೊತ್ತೆಂದೇ? ಅವರನ್ನು ಕಾಪಾಡಲು ತಾನೇ ಕಟ್ಟಿದ ಗೋಡೆ, ಈಗ ತಾನೇ ಹೊರಗೆ ನಿಂತು ಬಡಿದರೂ ತೆರೆಯದು. ಮಣಿಪಾಲದ ತನ್ನ ಬಾಡಿಗೆ ಕೋಣೆಗೆ ಹೋದರೆ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಯಾರಿಗೆ ಹೇಳಿಕೊಳ್ಳಬೇಕೋ ಅವರನ್ನೇ ಹುಡುಕಬೇಕಾಗಿತ್ತು. ಬೆರಳು ಮಡಚಿ ತಿಂಗಳ ಲೆಕ್ಕ ಹಾಕಿದ: ಮೇಷ್ಟ್ರ ಹೆಂಡತಿಗೆ ಈಗ ಆರು ನಡೆಯುತ್ತಿರಬೇಕು.

ನಾಲ್ಕನೆಯ ಗುರುವಾರವೂ ಖಾಲಿ ಹೋದ ಮೇಲೆ, ಭಾನುವಾರ ಬೆಳಿಗ್ಗೆ ಅವನು ಹಳೆಯ ಕರಣೆ, ರಬ್ಬರು ಸುತ್ತಿಗೆ, ಒಂದಿಷ್ಟು ಬಿಳಿ ಸಿಮೆಂಟನ್ನು ಚೀಲಕ್ಕೆ ತುಂಬಿಕೊಂಡು ಕಾಪುವಿನಲ್ಲಿ, ಕಾರ್ಕಳದ ಕಡೆ ಹೊರಟಿದ್ದ ಅದೇ ಬಸ್ಸು ಹತ್ತಿದ. ಕೊಟ್ಟ ಮಾತು ಮುರಿಯುವ ಕೆಲಸಕ್ಕೆ ಹೊರಟಿದ್ದ. ಬಸ್ಸಿನುದ್ದಕ್ಕೂ ಆ ಮಾತೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

“ಒಬ್ಬರು ಮೇಷ್ಟ್ರು, ಬಚ್ಚಲ ಟೈಲ್ಸ್ ಎದ್ದೈತಿ ಬಾ ಅಂದಿದ್ದರ್ರಿ. ಗುರುವಾರ ಈ ಬಸ್ಸಿಗೆ ಬರ್ತಿದ್ದರಂತ. ಊರಿನ ಹೆಸರು ಮರತೆ,” ಎಂದು ಕಂಡಕ್ಟರನಿಗೆ ಹೇಳಿದ.

“ಕಾಪುವಿಗೆ ಟ್ಯೂಷನ್ ಕೊಡ್ಲಿಕ್ಕೆ ಹೋಗ್ತಿದ್ದ ಮೇಷ್ಟ್ರಾ? ಈಗ ಬರುವುದಿಲ್ಲ ಅವರು. ಕಾರ್ಕಳಕ್ಕೆ ಮೂರು ಸ್ಟಾಪು ಮೊದಲು ಇಳಿಸ್ತೇನೆ, ಕೂತುಕೊಳ್ಳಿ.”

ಸ್ಟಾಪಿನ ಎದುರು ಪುಷ್ಪಾವತಿ ಎಂಬ ಹೆಂಗಸಿನ ಎಲೆಯಡಿಕೆ ಅಂಗಡಿ. ಮಲ್ಲಿನಾಥ ಅದೇ ಸುಳ್ಳನ್ನು ಅವಳ ಮುಂದೆಯೂ ಬಿಚ್ಚಿದ.

“ಓ, ಹೃಷೀಕೇಶ ಮೇಷ್ಟ್ರ ಮನೆಗಾ? ದೇವಸ್ಥಾನದ ಹಿಂದಿನ ಓಣಿ, ಕೊನೆಯ ಮನೆ. ಬೇಗ ಮಾಡಿ ಕೊಡಿ ಮಾರಾಯ್ರೆ, ಅವರ ಹೆಂಡತಿ ಗರ್ಭಿಣಿ.”

ಹೃಷೀಕೇಶ. ಎರಡು ವರ್ಷ ಕೇಳದೆ ಕಾದ ಹೆಸರು ಎಲೆಯಡಿಕೆಯ ಅಂಗಡಿಯಲ್ಲಿ ಸಿಕ್ಕಿಬಿಟ್ಟಿತು. ಓಣಿಯಲ್ಲಿ ನಡೆಯುತ್ತಾ ಮಲ್ಲಿನಾಥ ಅದನ್ನು ಬಾಯಿಬಿಡದೆ ಎರಡು ಸಲ ಹೇಳಿಕೊಂಡ. ತನಗೆ ಕೊಡದಿದ್ದುದನ್ನು ಎತ್ತಿಕೊಂಡಂತಾಗಿ ನಾಚಿಕೆಯೂ ಆಯಿತು.

ಬಾಗಿಲು ತೆರೆದವಳು ಅವರ ಹೆಂಡತಿ. ಮೇಷ್ಟ್ರ ಮಾತಿನಲ್ಲಿ ಸುಭಾಷಿಣಿ ಎಂಬ ಹೆಸರು ನೂರು ಸಲ ಕೇಳಿದ್ದ. ಹೆಂಡತಿಯ ಹೆಸರು ಹೇಳುವಾಗ ಮಾತ್ರ ಮೇಷ್ಟ್ರಿಗೆ ಎಚ್ಚರ ತಪ್ಪುತ್ತಿತ್ತು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಅವಳು, “ಯಾರು?” ಎಂದಳು.

“ಬಚ್ಚಲ ಟೈಲ್ಸ್, ಅಕ್ಕಾರ.”

ಒಳಗಿನಿಂದ ಬಂದ ಮೇಷ್ಟ್ರು ಅವನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಯಾರು ನೀವು? ನಾನು ಯಾರಿಗೂ ಬರಲಿಕ್ಕೆ ಹೇಳಲಿಲ್ಲ.”

ಗುರುತಿಲ್ಲ ಎನ್ನುವುದನ್ನು ಅವರಿಗೆ ಕಲಿಸಿದವನೇ ಮಲ್ಲಿನಾಥ. ಪಾಠವನ್ನು ಅವರು ಚೆನ್ನಾಗಿ ಕಲಿತಿದ್ದರು. ಆದರೂ ಎದೆಗೆ ಒದ್ದಂತಾಯಿತು.

“ಬಂದವರು ಬಂದಾಗಿದೆ, ಸರಿ ಮಾಡಿ ಹೋಗಲಿ. ನೀವು ಎಂತ ಹೀಗೆ?” ಎಂದು ಸುಭಾಷಿಣಿಯೇ ಅವನಿಗೆ ಬಚ್ಚಲು ತೋರಿಸಿದಳು.

ಟೈಲ್ಸ್ ಕಿತ್ತು, ಹಳೆಯ ಗಾರೆ ಕೆರೆದು, ಸಿಮೆಂಟು ಕಲಸುವಾಗ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು.

“ಬರುವುದಿಲ್ಲ ಅಂತ ಹೇಳಿದ್ದೆಯಲ್ಲ ನೀನು,” ಎಂದರು.

ಮಲ್ಲಿನಾಥ ಸುತ್ತಿಗೆ ತಟ್ಟುತ್ತಾ, ತಟ್ಟಿನ ಸದ್ದಿನೊಳಗೇ ಮಾತು ಸೇರಿಸಿದ. “ಹೇಳಿದ್ದೆರಿ. ನಿಮ್ಮ ರಕ್ತದಾಗ ಐತಿ ಸರ. ಸಿಫಿಲಿಸ್. ಇಂಜೆಕ್ಷನ್‌ಗೆ ಹೋಗ್ತೈತಿ. ಅಕ್ಕಾರದೂ ನೋಡಬೇಕು. ಕೂಸಿಗೆ ಹೋದರ ಉಳಿಯೂದಿಲ್ಲ. ಬುಧವಾರ ಬರ್ರಿ, ಇಬ್ಬರೂ. ಸಿಸ್ಟರ್ ಎಲ್ಲ ಸಮಾಧಾನದಿಂದ ಹೇಳ್ತಾರ.”

ಮೇಷ್ಟ್ರು ಗೋಡೆಗೆ ಒರಗಿದರು. “ರಕ್ತ ಕೊಟ್ಟ ಮೇಲೆ ನನಗೆ ಹೆದರಿಕೆಯಾಯಿತು. ಬಾರದಿದ್ದರೆ ಏನೂ ಇಲ್ಲ ಅಂತಲೇ ಇರಬಹುದು ಅನ್ನಿಸಿತು.” ಅಡುಗೆಮನೆಯ ಕಡೆ ನೋಡಿ, “ಅವಳಿಗೆ ನಾನು ಎಂತ ಹೇಳಲಿ?” ಎಂದರು.

“ನಂಗೊತ್ತಿಲ್ಲ ಸರ.”

“ಇನ್ನು ಇಲ್ಲಿಗೆ ಬರಬೇಡ.”

“ಇಲ್ರಿ.”

ಸುಭಾಷಿಣಿ ಕಷಾಯ ಕೊಟ್ಟಳು, ಜೊತೆಗೆ ಹಲಸಿನೆಲೆಯಲ್ಲಿ ಬೇಯಿಸಿದ ಎರಡು ಕೊಟ್ಟೆಕಡುಬು. ಕೂಲಿ ಬೇಡ, ಒಂದೇ ಟೈಲ್ಸ್ ಅಲ್ಲವೇ ಎಂದು ಹೇಳಿ ಅವನು ಜಗಲಿಯಲ್ಲಿ ಕೂತು ತಿಂದ. ಮನೆಯಲ್ಲಿ ಮಾಡಿದ್ದನ್ನು ಒಬ್ಬರು ಕೈಯಾರೆ ಬಡಿಸಿ ವರ್ಷಗಳಾಗಿದ್ದವು. ಎಲೆಗೆ ಅಂಟಿದ್ದನ್ನೂ ಬಿಡದೆ ತಿಂದ.

“ಸಂಜೆಯವರೆಗೆ ಅದರ ಮ್ಯಾಲೆ ನೀರು ಹಾಕಬ್ಯಾಡ್ರಿ, ಅಕ್ಕಾರ. ಕಾಲೂ ಇಡಬ್ಯಾಡ್ರಿ,” ಎಂದಷ್ಟು ಹೇಳಿ ಎದ್ದ.

ಮೊದಲ ಬುಧವಾರ ಅವರು ಬರಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಮೂರನೆಯ ಬುಧವಾರ ಮಲ್ಲಿನಾಥ ಆರೂಕಾಲು ಮಲ್ಪೆಯನ್ನು ಒಳಗೆ ಕಳಿಸಿ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಿದ್ದಾಗ, ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆಗಳ ಸದ್ದಾಯಿತು. ಮೇಷ್ಟ್ರು, ಅವರ ಹಿಂದೆ ಸುಭಾಷಿಣಿ. ಮಲ್ಲಿನಾಥ ತಟ್ಟನೆ ನೆಲಕ್ಕೆ ಮುಖ ಹಾಕಿದ. ಗುರುತಿಲ್ಲ.

ಇಬ್ಬರೂ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಮೇಷ್ಟ್ರು ಒಬ್ಬರೇ ಹೊರಗೆ ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಪೇಪರು ಬಿಡಿಸಿದರು. ಪುಟ ಮಗುಚಲಿಲ್ಲ. ಒಂದು ಬೆಂಚು, ನಡುವೆ ಮೂರಾಳು ಕೂರುವಷ್ಟು ಜಾಗ. ಬಂಡೆಯ ಮೇಲೆ ಇಬ್ಬರೂ ಇದರ ಕಾಲುಭಾಗದಲ್ಲಿ ಕೂರುತ್ತಿದ್ದರು.

ಸುಭಾಷಿಣಿ ಹೊರಬಂದಾಗ ಕಣ್ಣು ಕೆಂಪಾಗಿತ್ತು, ಮುಖ ಗಟ್ಟಿಯಾಗಿತ್ತು. ಬೆಂಚಿನಲ್ಲಿ ಕೂತ ಮಲ್ಲಿನಾಥನನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಇವನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಎಂದು ಮಲ್ಲಿನಾಥನಿಗೂ ತಿಳಿಯಿತು. ಬೈದರೆ ಬೈಸಿಕೊಳ್ಳುವುದೆಂದು ಎದ್ದು ನಿಂತ.

“ಟೈಲ್ಸ್ ಗಟ್ಟಿಯಾಗಿ ನಿಂತಿದೆ,” ಎಂದಳು ಅವಳು. ಬಳಿಕ, “ನಿಮ್ಮ ಹೆಸರೆಂತ?” ಎಂದು ಕೇಳಿದಳು.

ಪೇಪರು ಅಲುಗಿತು. ಆ ಬಂಡೆಯ ಮೇಲೆ ನೂರು ಗುರುವಾರಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕೇಳುವಂತಿಲ್ಲ ಎಂದು ಅವನೇ ಹೇಳಿದ್ದ. ಒಮ್ಮೆ ಕೇಳಬಾರದೇ ಎಂದು ಕಾದವನೂ ಅವನೇ.

“ಮಲ್ಲಿನಾಥ, ಅಕ್ಕಾರ,” ಎಂದ. ಬೆಂಚಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ಬರ್ತೇವೆ, ಮಲ್ಲಿನಾಥರೇ.”

ಮೇಷ್ಟ್ರು ಪೇಪರು ಮಡಚಿಟ್ಟು, ಅವಳ ಕೈಚೀಲ ತೆಗೆದುಕೊಂಡು, ಅವಳಿಗಿಂತ ಮೊದಲು ಮೆಟ್ಟಿಲು ಇಳಿದು, ಕೆಳಗೆ ಅವಳಿಗಾಗಿ ನಿಂತರು. ಮೇಲೆ ನೋಡಲಿಲ್ಲ. ಅವರು ನೋಡಬಾರದಿತ್ತು, ಸರಿಯೇ. ನೋಡಲಿ ಎಂದು ಮಲ್ಲಿನಾಥನ ಜೀವ ಬಡಿದುಕೊಂಡದ್ದೂ ನಿಜ.

“ಹೆಂಡತಿಯ ರಕ್ತವನ್ನೂ ತೆಗೆದುಕೊಂಡೆ, ಫಲಿತಾಂಶಕ್ಕೆ ಕಾಯದೆ ಇಬ್ಬರಿಗೂ ಇವತ್ತೇ ಮೊದಲನೆಯ ಇಂಜೆಕ್ಷನ್ ಆಯಿತು. ಉಳಿದದ್ದಕ್ಕೆ ಕಾರ್ಕಳದ ಡಾಕ್ಟರಿಗೆ ಪತ್ರ ಕೊಟ್ಟಿದ್ದೇನೆ,” ಎಂದರು ಸಿಸ್ಟರ್ ಇಮೆಲ್ಡಾ, ಬಾಗಿಲಿಗೆ ಬಂದು. “ಮಗು ಚೆನ್ನಾಗಿ ಒದೆಯುತ್ತಾ ಉಂಟು. ನೀನು ಅವರಲ್ಲಿಗೆ ಹೋದದ್ದನ್ನು ನಿನ್ನ ವಾರದ ವರದಿಯಲ್ಲಿ ಸೇರಿಸಬೇಕಲ್ವಾ? ಹೆಸರು, ಊರು, ಮನೆಯ ಗುರುತು.”

ಮಲ್ಲಿನಾಥ ವರದಿಯ ಹಾಳೆ ತೆಗೆದ. ‘ಐದು ಹತ್ತು’ ಎಂಬ ಸಾಲಿನ ಎದುರು ಪೆನ್ನು ಊರಿದ. ಎಲೆಯಡಿಕೆ ಅಂಗಡಿ, ದೇವಸ್ಥಾನ, ಓಣಿ, ಕೊನೆಯ ಮನೆ, ಜಗಲಿ, ಎಲ್ಲವೂ ಕಣ್ಣ ಮುಂದೆ ಇತ್ತು.

“ಅವರ ಮನಿ ದಾರಿ ನನಗ ಗೊತ್ತಿಲ್ರಿ, ಸಿಸ್ಟರ್,” ಎಂದು ಹೇಳಿ ಹಾಳೆಯನ್ನು ಹಾಗೇ ಮಡಚಿದ.