ಐದನೆಯ ಹಾಡಿನ ಉದ್ದ

ಪಾರ್ಲರಿನ ಅಕ್ಕನ ಗಂಡ ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತು ನೋಡಿದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಏಳನೆಯ ತಿಂಗಳು ಹೆಂಡತಿಯ ಅಂಗಡಿಗೆ ಒಂದು ಜೋಡಿ ಸ್ಪೀಕರ್ ಹೊತ್ತು ತಂದು, ಗೋಡೆ ಗಡಿಯಾರವಿದ್ದ ಮೊಳೆಗೆ ಒಂದನ್ನು ಸಿಕ್ಕಿಸಿದರು. ಗಡಿಯಾರ ಟವೆಲ್ ಕಪಾಟಿನೊಳಗೆ ಹೋಗಿ, ಬ್ಯಾಟರಿ ಮುಗಿದು ಅಲ್ಲೇ ನಿಂತಿತು.

ಯಜಮಾನರಿಗೆ ಹಿಡಿದದ್ದು ಸಿಂಥಸೈಜರ್ ಹಾಡುಗಳ ಹುಚ್ಚು. ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕಾರು ಹುಡುಗರು ಸೇರಿ ಕಟ್ಟಿದ ಇಂಡೀ ಹಾಡಾದರೂ ಸರಿ, ರಾಕ್ ಆದರೂ ಸರಿ, ಕೀಬೋರ್ಡಿನಂಥ ಆ ಯಂತ್ರದ ಗುಂಯ್‌ಗುಡುವ ಸದ್ದು ಮುಂದಿರಬೇಕು. ಅಂಥ ಇಪ್ಪತ್ತು ಹಾಡು ಆರಿಸಿ, 'ನನ್ನ ಮೆಚ್ಚಿನವು' ಎಂದು ತಲೆಬರಹ ಕೊಟ್ಟು, ಒಂದರಿಂದ ಇಪ್ಪತ್ತರವರೆಗೆ ಅಂಕಿ ಹಾಕಿ, ಕನ್ನಡಿಯ ಪಕ್ಕ ಅಂಟಿಸಿದ್ದರು. ಒಂಬತ್ತನೆಯದನ್ನು ಎಂಟಕ್ಕೆ ಏರಿಸಿದ ದಿನ, ಕೆಳಗಿಳಿದ ಹಾಡಿಗಾಗಿ ಮರುಗಿ ಅವರಿಗೆ ಊಟ ಸೇರಿರಲಿಲ್ಲ.

ಕೇಳುವವರಿಗೆ ಬರವಿರಲಿಲ್ಲ. ತಲೆಗೆ ಬಣ್ಣ ಮೆತ್ತಿಸಿಕೊಂಡು, ಕುತ್ತಿಗೆಗೆ ಹೊದಿಕೆ ಕಟ್ಟಿಸಿಕೊಂಡು ಕೂತವರು ಎದ್ದು ಎಲ್ಲಿಗೆ ಹೋಗುತ್ತಾರೆ? ಯಜಮಾನರು ಸ್ಟೂಲ್ ಎಳೆದುಕೊಂಡು, ಯಾವ ಸದ್ದಿನ ಕೆಳಗೆ ಯಾವ ಸದ್ದು ಅಡಗಿದೆ ಎಂದು ಪದರ ಪದರವಾಗಿ ಬಿಡಿಸಿ ಹೇಳುತ್ತಿದ್ದರು. ಹೆಂಗಸರು ಹೂಂಗುಟ್ಟುತ್ತಿದ್ದರು. ಅದನ್ನು ಅವರು ರಸಿಕತೆ ಎಂದುಕೊಂಡಿದ್ದರು. ಬ್ಯಾಂಕಿನ ಒಬ್ಬ ಹೆಂಗಸು ಮಾತ್ರ ಬರುವಾಗಲೇ ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದಳು; ಶೀತ ಅನ್ನುತ್ತಿದ್ದಳು.

ಅಕ್ಕ ಆ ಹಾಡುಗಳನ್ನು ಕೇಳುತ್ತಿರಲಿಲ್ಲ, ಬಳಸುತ್ತಿದ್ದಳು. ಕಣ್ಣೆದುರು ಗಡಿಯಾರವಿಲ್ಲ, ಬಣ್ಣ ಹತ್ತಿದ ಕೈಯಲ್ಲಿ ಫೋನು ಮುಟ್ಟುವ ಹಾಗಿಲ್ಲ. ದಿನವೂ ಅದೇ ಪಟ್ಟಿ ಹಾಡುತ್ತಿದ್ದರೆ ಬೇರೆ ಗಡಿಯಾರವೇಕೆ? ನರೆಗೂದಲಿಗೆ ಬಣ್ಣ ಹಚ್ಚಿದರೆ ಹತ್ತು ಹಾಡು, ಕೂದಲ ಬಣ್ಣ ಇಳಿಸುವ ಪೇಸ್ಟಿಗೆ ಎಂಟು, ಅಂದರೆ ಅರ್ಧ ಗಂಟೆ. ಮೂರು ತಿಂಗಳಲ್ಲಿ ಒಂದು ತಲೆಯೂ ಕೆಟ್ಟಿರಲಿಲ್ಲ.

ಅಂಗಡಿಯ ಬಾಡಿಗೆ ಕರಾರು ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಪಕ್ಕದ ಮೊಬೈಲ್ ಅಂಗಡಿಯವನು ನಡುಗೋಡೆ ಒಡೆದು ಅದನ್ನೂ ಸೇರಿಸಿಕೊಳ್ಳಲು ಕಾದಿದ್ದ. ಕಟ್ಟಡದ ಒಡತಿ ಯಾರಿಗೂ ಹೂಂ ಅಂದಿರಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ತಾನೇ ಬಂದು ಕುರ್ಚಿಯಲ್ಲಿ ಕೂತಳು. ಕಪ್ಪು ಬೇಸರವಾಗಿದೆ, ತಿಳಿ ಕಂದು ಮಾಡು, ಕೆಲಸ ನೋಡಿ ಕರಾರಿನ ಮಾತು ಆಡುತ್ತೇನೆ ಎಂದಳು. ಹದಿನೇಳು ವರ್ಷ ಆ ಬಾಗಿಲು ತೆಗೆದ ಅಕ್ಕ ಇದ್ದುದರಲ್ಲೇ ಹೊಸ ಹೊದಿಕೆ ಹುಡುಕಿ ಕಟ್ಟಿದಳು. ಪೇಸ್ಟ್ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿ, ಗಂಡನಿಗೆ ಒಂದನೆಯ ಹಾಡಿನಿಂದ ಶುರು ಮಾಡಲು ಸನ್ನೆ ಮಾಡಿದಳು.

ಅಷ್ಟರಲ್ಲಿ ಹುಡುಗಿಯರಿಬ್ಬರು ಕೂದಲು ಕತ್ತರಿಸಿಕೊಳ್ಳಲು ಬಂದರು. ಅಕ್ಕನ ಕೈಗೆ ಎರಡು ತಲೆಯೆಂದರೆ ಹನ್ನೆರಡು ಹಾಡಿನ ಕೆಲಸ; ನಡುವೆ ಎಂಟನೆಯದು ಮುಗಿದಾಗ ಎದ್ದು ಪೇಸ್ಟ್ ತೊಳೆದರಾಯಿತು ಎಂದುಕೊಂಡಳು. ದೊಡ್ಡವಳದು ಮುಗಿಯಿತು, ಚಿಕ್ಕವಳದೂ ಮುಗಿಯುತ್ತ ಬಂತು, ಆದರೆ ಸ್ಪೀಕರಿನಲ್ಲಿ ಐದನೆಯದೇ ಗುಂಯ್‌ಗುಡುತ್ತಿತ್ತು. ಕತ್ತರಿ ಅಲ್ಲೇ ನಿಂತಿತು.

"ರೀ, ಇದು ಐದನೇದಾ?"

ಹೆಂಡತಿ ಹಾಡಿನ ಬಗ್ಗೆ ಕೇಳಿದ್ದು ಇದೇ ಮೊದಲು. ಯಜಮಾನರ ಮುಖ ಅರಳಿತು. "ಐದನೇದೇ ಕಣೆ. ಮೊದಲಿದ್ದದ್ದು ಬರೀ ನಾಲ್ಕು ನಿಮಿಷದ್ದು. ಇದು ಪೂರ್ತಿ, ಹತ್ತೊಂಬತ್ತು ನಿಮಿಷ. ಎರಡನೇದು, ಮೂರನೇದೂ ಉದ್ದದ್ದೇ ಹಾಕಿದೀನಿ, ಇವತ್ತು ದೊಡ್ಡವರು ಬಂದಿದಾರಲ್ಲ ಅಂತ."

ಅಕ್ಕ ಟೋಪಿ ತೆಗೆದಳು. ಒಡತಿಯ ತಲೆ ಒಣಹುಲ್ಲಿನ ಬಣವೆಯಾಗಿತ್ತು. ಹನ್ನೊಂದನೇ ಹಾಡಿನ ಗಾಯಕಿಯ ಕೂದಲೂ ಥೇಟ್ ಹೀಗೇ ಎಂದು ಯಜಮಾನರು ಮೆಚ್ಚುಗೆಯಿಂದಲೇ ಹೇಳಿದರು. ಹೆಂಡತಿಯ ಕಣ್ಣು ನೋಡಿ ಹನ್ನೊಂದಕ್ಕೇ ನಿಲ್ಲಿಸಿದರು.

ತಪ್ಪನ್ನು ಹಾಡಿನ ಮೇಲೆ, ಗಂಡನ ಮೇಲೆ, ಪೇಸ್ಟಿನ ಕಂಪನಿಯ ಮೇಲೆ ಹಾಕಬಹುದಿತ್ತು. ಅಕ್ಕ ಹಾಕಲಿಲ್ಲ.

"ತಪ್ಪು ನಂದಮ್ಮ. ಹಾಡು ನಂಬ್ಕೊಂಡು ಕೂದಲು ನೋಡ್ಲಿಲ್ಲ. ಮೂವತ್ತೈದು ನಿಮಿಷ ಕೊಡಿ, ಇದರ ಮೇಲೆ ಕಂದು ಕೂರಿಸ್ತೀನಿ. ಆಮೇಲೆ ಅಂಗಡಿ ಬಿಡು ಅಂದ್ರೆ ಬಿಡ್ತೀನಿ."

ಒಡತಿ ಕನ್ನಡಿಯಲ್ಲಿ ಒಮ್ಮೆ ತಲೆ ನೋಡಿಕೊಂಡಳು. ಆಮೇಲೆ ಕೈಗಡಿಯಾರ ಬಿಚ್ಚಿ ಕೊಟ್ಟಳು. ಅಕ್ಕ ಅದನ್ನು ಗಂಡನ ಕೈಗಿಟ್ಟು, ಸ್ಟೂಲ್ ಬಿಟ್ಟು ಏಳಬಾರದು, ಐದೈದು ನಿಮಿಷಕ್ಕೂ ಕೂಗಿ ಹೇಳಬೇಕು ಎಂದು ತಾಕೀತು ಮಾಡಿ ಸ್ಪೀಕರಿನ ತಂತಿ ಕಿತ್ತು, ಪೇಸ್ಟ್ ತೊಳೆದು ಕಂದು ಹಚ್ಚಿದಳು.

ಸದ್ದು ನಿಂತ ಮೇಲೆ ಒಡತಿ ಬಾಯಿಬಿಟ್ಟಳು. "ಹಾಡು ಕೆಟ್ಟದ್ದೇನಲ್ಲ. ಹಾಡೋನು ಯಾವಾಗ ಬರ್ತಾನೆ ಅಂತ ಕಾದೂ ಕಾದೂ ಸಾಕಾಯ್ತು. ನನ್ನ ಪಟ್ಟೀಲಿ ಇಷ್ಟು ಕಾಯಿಸೋದು ಒಂದೂ ಇಲ್ಲ."

"ನಿಮ್ಮದೂ ಪಟ್ಟಿ ಇದೆಯಾ?" ಎಂದ ಯಜಮಾನರ ದನಿ ಇಳಿದಿತ್ತು.

ಇತ್ತು. ಕ್ಯಾಸೆಟ್ಟಿನ ಕಾಲದಿಂದ ಕೂಡಿಟ್ಟದ್ದು, ಒಟ್ಟು ನಲವತ್ತು. ಒಡತಿ ಒಂದನೆಯದರಿಂದ ಶುರು ಮಾಡಿದಳು. ಸಿಂಥಸೈಜರಿನ ಭಾಗವನ್ನು ಬಾಯಲ್ಲೇ ಟುಯ್ ಟುಯ್ ಎಂದು ನುಡಿಸಿ ತೋರಿಸಿದಳು. ನಾಲ್ಕನೆಯದಕ್ಕೆ ಯಜಮಾನರು ತಕರಾರು ಎತ್ತಲು ಹೋದರು. ಪೂರ್ತಿ ಕೇಳಿ ಮಾತಾಡಿ ಎಂದು ಒಡತಿಯಿಂದ ಗದರಿಸಿಕೊಂಡರು. ಹತ್ತು ನಿಮಿಷ ಆಯಿತು ಎಂದರು, ಹದಿನೈದು ಎಂದರು, ಉಳಿದ ಹೊತ್ತು ಹೂಂ ಎಂದರು. ಅಕ್ಕ ಮಾತ್ರ ಎರಡೆರಡು ನಿಮಿಷಕ್ಕೂ ಒಂದು ಎಳೆ ಒರೆಸಿ ಒರೆಸಿ ನೋಡುತ್ತಿದ್ದಳು.

ಕೂದಲು ತೊಳೆದು ಒಣಗಿಸಿದಾಗ ಮಾಗಿದ ಕಂದು ಬಣ್ಣ ಹೊಳೆಯಿತು. ಒಡತಿ ತಲೆ ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಮನೆಯಲ್ಲಿ ಮೂರನೆಯ ಹಾಡಿಗೇ ಸೊಸೆ ಎದ್ದು ಹೋಗುತ್ತಾಳೆ, ಮಗನಂತೂ ಕೂರುವುದೇ ಇಲ್ಲ ಎಂದಳು.

"ಮೂರು ವರ್ಷಕ್ಕೆ ಬರ್ಕೊಡ್ತೀನಿ. ತಿಂಗಳಿಗೊಂದು ಸಲ ಬರ್ತೀನಿ, ಬಂದಾಗ ಇವರು ಇಲ್ಲೇ ಇರ್ಬೇಕು. ಇನ್ನೂ ಹನ್ನೆರಡನೇದಕ್ಕೇ ಬಂದಿದೀವಿ."

ಯಜಮಾನರು ಕಾಪಾಡು ಎನ್ನುವ ಹಾಗೆ ಹೆಂಡತಿಯ ಕಡೆ ನೋಡಿದರು. ಅಕ್ಕ ಬಣ್ಣದ ಬ್ರಷ್ಷು ತೊಳೆಯುತ್ತಿದ್ದವಳು ತಲೆಯೆತ್ತಲಿಲ್ಲ.

"ಇರ್ತಾರೆ" ಅಂದಳು.