ಕಣ್ಣಲ್ಲಿ ಉಳಿದ ಚೂರು

ಅತ್ತಿಗೆಯ ಮೊದಲ ಏಟು ಮೈದುನನ ದವಡೆಗೆ ಬಿದ್ದಾಗ ಅಣ್ಣನ ಶವದ ಪೆಟ್ಟಿಗೆಗೆ ಇನ್ನೂ ಎರಡು ಮೊಳೆ ಹೊಡೆಯುವುದು ಬಾಕಿಯಿತ್ತು. ಅವನ ಕೈಯಿಂದ ಸುತ್ತಿಗೆ ಜಾರಿ ನೆಲಕ್ಕೆ ಬಿತ್ತು.

"ಸ್ಕ್ಯಾನ್ ತಪ್ಪಿಸಿ ಕೊಂದೋನೇ ನೀನು! ಈಗ ಮೊಳೆ ಬೇರೆ ಹೊಡೀತೀಯಾ?"

"ಬಿಡಮ್ಮಾ, ಒಳಗಿರೋನು ಎದ್ದು ಬಂದ್ರೆ ಇಬ್ರಿಗೂ ಬೀಳುತ್ತೆ," ಎನ್ನುತ್ತ ಪಕ್ಕದ ಶೆಡ್ಡಲ್ಲಿ ಕಬ್ಬಿಣ ಕಡೆಯುವ ಲೇತಿನವನು ನಡುವೆ ಬಂದ. ಅವನಿಗೂ ಒಂದು ಬಿತ್ತು. ಹೇಳಿದ್ದು ಸುಳ್ಳೇನಲ್ಲ. ಅಣ್ಣತಮ್ಮಂದಿರ ವೆಲ್ಡಿಂಗ್ ಶೆಡ್ಡಿನಲ್ಲಿ ಅಣ್ಣನ ಬೈಗುಳ ಕೇಳಿಸಲಿಲ್ಲವೆಂದರೆ ಅವತ್ತು ರಜೆಯೆಂದೇ ಅರ್ಥ.

*

ಹೋದ ವರ್ಷ ಅಣ್ಣನ ಕಿಡ್ನಿಯಲ್ಲಿ ಗೋಲಿಯಷ್ಟು ಗಡ್ಡೆ ಕಂಡಿತ್ತು.

"ಇದು ಸಾಧುವೋ ಪುಂಡೋ ಮಾಮೂಲಿ ಸ್ಕ್ಯಾನಲ್ಲಿ ಗೊತ್ತಾಗಲ್ಲ," ಎಂದಿದ್ದರು ಡಾಕ್ಟರು. "ಸಕ್ಕರೆ ಜಾತಿಯ ಔಷಧಿ ರಕ್ತಕ್ಕೆ ಬಿಡ್ತೀವಿ. ಗಡ್ಡೆ ಅದನ್ನ ಎಷ್ಟು ಬೇಗ ಅರಗಿಸುತ್ತೆ ಅಂತ ಹೊಸ ಯಂತ್ರದಲ್ಲಿ ಕಾಣುತ್ತೆ. ಗಬಗಬ ಮುಕ್ಕಿದ್ರೆ ತಕ್ಷಣ ಆಪರೇಷನ್. ಇಲ್ದಿದ್ರೆ ಕಾಯೋಣ."

ಯಂತ್ರವೆಂದರೆ ದೊಡ್ಡ ಅಯಸ್ಕಾಂತ. "ಕಣ್ಣಲ್ಲಿ ಕಬ್ಬಿಣದ ಚೂರೇನಾದ್ರೂ ಇದೆಯಾ?" ಎಂದು ನರ್ಸು ಕೇಳಿದಳು.

"ಇಲ್ಲ," ಎಂದ ಅಣ್ಣ.

"ಇದೆ," ಎಂದ ತಮ್ಮ. "ಎಡಗಣ್ಣಲ್ಲಿ."

"ಹಾಗಾದ್ರೆ ಮೊದ್ಲು ಎಕ್ಸ್‌ರೇ ಆಗ್ಬೇಕು. ಅಯಸ್ಕಾಂತ ಚೂರನ್ನ ಎಳೆದ್ರೆ ಕಣ್ಣೇ ಹೋಗುತ್ತೆ," ಎಂದಳು ನರ್ಸು.

ಅಣ್ಣ ತಮ್ಮನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದ. "ಸುಳ್ಳು ಬೊಗಳ್ತಾನೆ, ಯಾವ ಚೂರೂ ಇಲ್ಲ!" ಎಂದು ಹೆಂಡತಿಯ ಎದುರೇ ಕೂಗಾಡಿ ಮನೆಗೆ ಹೊರಟುಬಿಟ್ಟ. ಆಮೇಲೆ ಡಾಕ್ಟರು ಎಷ್ಟು ಸಲ ಹೇಳಿ ಕಳಿಸಿದರೂ, ಜಪ್ಪಯ್ಯ ಅಂದರೂ ಹೋಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ಗಡ್ಡೆ ಬೆನ್ನುಮೂಳೆಗೂ ಹಬ್ಬಿತ್ತು.

*

"ಇಲ್ಲದ ಚೂರು ಹುಟ್ಟಿಸಿದ್ಯಲ್ಲೋ ಪಾಪಿ!" ಅತ್ತಿಗೆ ಅವನ ಕೂದಲು ಹಿಡಿದು ಪೆಟ್ಟಿಗೆಯ ಅಂಚಿಗೆ ಜಜ್ಜಿದಳು.

ತುಟಿ ಒಡೆದು ರಕ್ತ ಬಂತು. ಸುಮ್ಮನಿದ್ದರೆ ಸುಳ್ಳ ಅನ್ನಿಸಿಕೊಂಡಾದರೂ ಅದೇ ಮನೆಯಲ್ಲಿ ಉಳಿಯಬಹುದಿತ್ತು; ಅವನಿಗಿದ್ದುದು ಅದೊಂದೇ ಮನೆ. ಆದರೆ ಅಣ್ಣನನ್ನು ಬೇಕಂತಲೇ ಸಾಯಿಸಿದನೆಂದು ಇವಳು ನಂಬಿ ಬದುಕುವುದು ಅವನಿಗೆ ಬೇಕಿರಲಿಲ್ಲ.

"ಚೂರು ಇತ್ತು ಅತ್ತಿಗೆ. ಹಾಕಿದ್ದೇ ನಾನು. ಮೂರು ವರ್ಷದ ಹಿಂದೆ ಜಗಳದಲ್ಲಿ ಅವನ ಮೇಲೆ ಸುತ್ತಿಗೆ ಬೀಸಿ ಒಗೆದೆ. ಕಬ್ಬಿಣಕ್ಕೆ ಬಡಿದು ಚೂರು ಸಿಡಿದು ಅವನ ಕಣ್ಣಿಗೆ ಹೊಕ್ತು. ನಿಮ್ಮ ಹತ್ರ ಧೂಳು ಬಿತ್ತು ಅಂದ. 'ಅವಳಿಗೆ ಗೊತ್ತಾದ್ರೆ ನಿನ್ನನ್ನ ಹೊಸ್ತಿಲು ತುಳಿಯೋಕೂ ಬಿಡಲ್ಲ ಕಣೋ' ಅಂತ ನನ್ನ ಬಾಯಿ ಮುಚ್ಚಿಸ್ದ. ಎಕ್ಸ್‌ರೇಲಿ ಅದು ಬಯಲಾಗುತ್ತೆ ಅಂತಲೇ ಸ್ಕ್ಯಾನಿಗೆ ಹೋಗ್ಲಿಲ್ಲ."

ಅತ್ತಿಗೆ ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಏಟು ಬಲಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಬಾಗಿಲ ಬಳಿ ನಿಂತವರಿಗೂ ಕೇಳಿಸಿತು. ಆಮೇಲೆ ಅವಳು ಉಳಿದೆರಡು ಮೊಳೆಗಳನ್ನು ತಾನೇ ಹೊಡೆದಳು.

ಲೇತಿನವನು ಅವನ ಬದಲು ಹೊರಲು ಬೇರೆ ಆಳು ಕರೆದ.

"ಯಾರೂ ಬೇಡ. ಇವನೇ ಹೊರಲಿ," ಎಂದಳು ಅತ್ತಿಗೆ.

ಅವನು ಮುಂಭಾಗವನ್ನು ಎಡಹೆಗಲಿಗೆ ಕೊಟ್ಟ. ಹಿಂದೆ ಇಬ್ಬರು ನಿಂತರು. ಅವನ ಜೊತೆಗೆ ಹೆಗಲು ಕೊಡಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಅತ್ತಿಗೆ ಸೆರಗು ಬಿಗಿದು ತಾನೇ ಬಂದು ನಿಂತಳು. ಅವನಿಗಿಂತ ಒಂದು ಗೇಣು ಕುಳ್ಳಿ; ಪೆಟ್ಟಿಗೆ ಅವಳ ಕಡೆಗೆ ವಾಲಿತು. ಅವನು ಮೊಣಕಾಲು ಬಗ್ಗಿಸಿ ಅವಳ ಹೆಗಲಿನ ಮಟ್ಟಕ್ಕಿಳಿದ. ಬೀದಿಯುದ್ದಕ್ಕೂ, ಹೂಳುವ ಗುಂಡಿಯ ತನಕ, ಹಾಗೆ ಬಗ್ಗಿಕೊಂಡೇ ನಡೆದ.