ಹೋಲಿಕೆಗೊಂದು ಶುದ್ಧ ಮೂಗು

ಆ ಆಸ್ಪತ್ರೆಯ ಡ್ರೆಸ್ಸರ್ ಪಟ್ಟಿ ಕಟ್ಟಲು ನಿಂತರೆ ಗಾಯವೇ ನಾಚಿಕೊಂಡು ಮುಚ್ಚಿಕೊಳ್ಳುತ್ತಿತ್ತಂತೆ. ಹಾಗೆ ಹೇಳಿದವನು ಅವನೇ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಸುತ್ತಿದ ಪಟ್ಟಿಯನ್ನೆಲ್ಲ ಬಿಚ್ಚಿದರೆ ಭೂಮಿಗೆ ಮೂರು ಸುತ್ತು ಬರುತ್ತಿತ್ತು. ಅವನ ಜಂಬ ಬಿಚ್ಚಿದರೆ ಚಂದ್ರನನ್ನೂ ಸುತ್ತಿ ಇನ್ನಷ್ಟು ಮಿಗುತ್ತಿತ್ತು.

ಆ ಬೆಳಿಗ್ಗೆ ಎಂಟನೇ ಹಾಸಿಗೆಯ ಮುದುಕನ ಮಂಡಿಯ ಪಟ್ಟಿ ಬಿಚ್ಚಿದರೆ ಹೊಲಿಗೆಯ ಉದ್ದಕ್ಕೂ ಕೀವು. ಆ ವಾರ ಕೆಟ್ಟ ಗಾಯಗಳಲ್ಲಿ ಇದು ಐದನೆಯದು. ಡ್ರೆಸ್ಸರ್ ತೋರುಬೆರಳನ್ನು ಮೂಗಿನ ಹೊಳ್ಳೆಗಿಟ್ಟು, ಗಡಿಯಾರಕ್ಕೆ ಕೀಲಿ ಕೊಡುವವನಂತೆ ಒಂದು ಸುತ್ತು ತಿರುಗಿಸಿ ಯೋಚಿಸಿದ. ಆಮೇಲೆ ಅದೇ ಬೆರಳಲ್ಲಿ ಹೊಸ ಪಟ್ಟಿಯನ್ನು ಒತ್ತಿ ಹಿಡಿದ.

ನೆಲ ಒರೆಸುತ್ತಿದ್ದ ಆಯಾ ತಲೆಯೆತ್ತಿದಳು. "ಅಣ್ಣಾ, ಕೈ ತೊಳ್ಕೊಳ್ಲೇ ಇಲ್ವಲ್ಲ."

"ಬಂದ್ಲಪ್ಪ ಪ್ರೊಫೆಸರಮ್ಮ! ಮೊದ್ಲು ನಿನ್ನ ಬಕೆಟ್ಟಿಗೆ ಪಾಠ ಹೇಳು, ಹೋಗು."

ಮಧ್ಯಾಹ್ನ ದೊಡ್ಡ ಡಾಕ್ಟರು ಎಲ್ಲರನ್ನೂ ಕೋಣೆಗೆ ಕರೆದು, ಗಾಯಗಳು ಹೀಗೆ ಕೆಡುತ್ತಿರುವುದು ಯಾರಿಂದ ಎಂದು ಕಿಟಕಿಯ ಗಾಜು ಅದುರುವಂತೆ ರೇಗಿದರು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಸಾರ್?" ಎಂದ ಡ್ರೆಸ್ಸರ್, ಆಯಾಳತ್ತ ಕೈ ತೋರಿಸಿ. "ಕಸ ಬಾಚೋ ಕೈ ಅದು. ಅವಳನ್ನ ಕಳ್ಸಿಬಿಡಿ, ಗಾಯ ತಾನೇ ಒಣಗುತ್ತೆ."

ಆಯಾಳ ಗಂಡ ಹಾಸಿಗೆ ಹಿಡಿದು ವರ್ಷವಾಗಿತ್ತು. ಆ ಮನೆಯ ಒಲೆ ಉರಿಯುತ್ತಿದ್ದುದು ಇವಳ ಕೆಲಸದಿಂದಲೇ. ಅವಳು ಬಾಯಿ ತೆರೆಯುವುದರೊಳಗೆ ಲ್ಯಾಬಿನ ಮೇಡಂ ನಡುವೆ ಬಂದಳು.

"ಗಂಟಲು ಕೆಡಿಸೋ ಸ್ಟ್ರೆಪ್ಟೊಕಾಕಸ್ ಅನ್ನೋ ರೋಗಾಣು ಮಣಿಸರದ ಥರ ಸಾಲಾಗಿರುತ್ತೆ ಸಾರ್. ಈ ಗಾಯಗಳಲ್ಲಿರೋದು ದ್ರಾಕ್ಷಿಗೊಂಚಲಿನ ಥರದ್ದು, ಸ್ಟಾಫಿಲೋಕಾಕಸ್. ಆರೋಗ್ಯವಾಗಿರೋರ ಮೂಗಲ್ಲೂ ತೆಪ್ಪಗೆ ಕೂತಿರುತ್ತೆ. ಎಲ್ಲರ ಮೂಗಿಂದಲೂ ತೆಗೆದು ಬೆಳೆಸಿ ನೋಡೋಣ. ತಟ್ಟೆ ಮೇಲೆ ಹೆಸರು ಬೇಡ, ನಂಬರ್ ಸಾಕು."

"ಸರಿ. ಇವಳದೇ ಅಂತಾದ್ರೆ ಸೋಮವಾರದಿಂದ ಬರೋದು ಬೇಡ," ಎಂದರು ಡಾಕ್ಟರು.

"ಯಾವ ನಂಬರ್ ಯಾರದು ಅಂತ ನಾನೇ ಬರ್ಕೊಳ್ತೀನಿ, ಆ ಚೀಟಿ ನನ್ನ ಹತ್ರ ಇರ್ಲಿ. ಹೆಂಗಸರು ಹೆಂಗಸರು ನೀವು ಒಂದಾಗಿಬಿಡ್ತೀರಿ," ಎಂದ ಡ್ರೆಸ್ಸರ್. ಮೂಗನ್ನೂ ಮುಂದೆ ಚಾಚಿದ. "ನಂದೂ ತಗೊಳ್ಳಿ ಮೇಡಂ. ಹೋಲಿಸಿ ನೋಡೋಕೆ ಒಂದಾದ್ರೂ ಶುದ್ಧವಾದ ಮೂಗು ಬೇಕಲ್ಲ!"

ಶನಿವಾರ ಮೇಡಂ ಗಾಜಿನ ತಟ್ಟೆಗಳನ್ನು ತಂದು ಡಾಕ್ಟರ ಮೇಜಿನ ಮೇಲಿಟ್ಟಳು. ಏಳನೇ ತಟ್ಟೆಯ ತುಂಬ ಹೊಂಬಣ್ಣದ ಚುಕ್ಕೆಗಳು.

"ಗಾಯದ್ದೂ ಇದೂ ಒಂದೇ ಸಾರ್. ಅದು ಸಾಯೋ ಔಷಧಿಗೇ ಇದೂ ಸಾಯುತ್ತೆ, ಅದು ಜಗ್ಗದ ಔಷಧಿಗೆ ಇದೂ ಜಗ್ಗೋದಿಲ್ಲ. ಎರಡು ಸಲ ಪರೀಕ್ಷೆ ಮಾಡಿದೀನಿ."

"ಏಳು ಯಾರು?"

ಡ್ರೆಸ್ಸರ್ ಗತ್ತಿನಿಂದ ಚೀಟಿ ಬಿಚ್ಚಿದ. ಏಳರ ಮುಂದೆ ಅವನದೇ ಹೆಸರಿತ್ತು; ತನ್ನ ನಂಬರನ್ನು ನೆನಪಿಡಬೇಕೆಂದು ಅವನಿಗೆ ಅನಿಸಿಯೇ ಇರಲಿಲ್ಲ. ಪಕ್ಕದಲ್ಲಿ 'ಶುದ್ಧ' ಎಂದು ಅವನೇ ಬರೆದು ಎರಡು ಗೆರೆ ಎಳೆದಿದ್ದ.

ಕೋಣೆಯ ಕಣ್ಣುಗಳೆಲ್ಲ ಆಗಲೇ ಆಯಾಳ ಮೇಲಿದ್ದವು. ಅವಳು ಸೋಪಿನ ನೀರಿಗೆ ಬಿರಿದುಹೋದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಚೀಟಿ ಇದ್ದದ್ದು ಒಂದೇ. ಅವಳ ಹೆಸರು ಓದಿ, ಕಾಗದವನ್ನು ಹರಿದು ಎಸೆದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಓದಲೋ ಬೇಡವೋ ಎಂದು ಅವನು ಯೋಚಿಸಿದ. ಯೋಚನೆ ಬಂದದ್ದೇ ತಡ, ತೋರುಬೆರಳು ತನ್ನ ಹಳೆಯ ದಾರಿ ಹಿಡಿದು ಹೊರಟಿತು.

ಹೊಳ್ಳೆಯ ಬಾಗಿಲಲ್ಲಿ ಅದು ನಿಂತುಬಿಟ್ಟಿತು. ಆಯಾ ಆ ಬೆರಳನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವನೂ ಅದನ್ನು ನೋಡಿದ.

ಬೆರಳು ಇಳಿಯಿತು.

"ಏಳು ನಾನೇ ಸಾರ್," ಎಂದು ಚೀಟಿಯನ್ನು ಮೇಜಿನ ಮೇಲಿಟ್ಟ. "ಇವಳು ಹೇಳಿದ್ಲು. ನಾನೇ ಕೇಳ್ಲಿಲ್ಲ."

ಎರಡು ವಾರ ಗಾಯಗಳಿಂದ ದೂರವಿದ್ದು, ಹೊಳ್ಳೆಗೆ ಮುಲಾಮು ಹಚ್ಚಿಸಿಕೊಂಡು, ಇನ್ನೊಂದು ಪರೀಕ್ಷೆ ಮುಗಿಸಿ ಅವನು ವಾರ್ಡಿಗೆ ಮರಳಿದ. ನಲ್ಲಿಯ ಮುಂದೆ ನಿಂತು, ನೊರೆ ಸೂರಿಗೆ ಹಾರುವಂತೆ ಕೈ ತೊಳೆದ. ತಿರುಗಿದರೆ ಬಕೆಟ್ ಹಿಡಿದ ಆಯಾ.

"ಹೆಬ್ಬೆರಳು ಬಿಟ್ರಿ, ಅಣ್ಣ."

ಪ್ರೊಫೆಸರಮ್ಮ ಎಂಬ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ನುಂಗಿಕೊಂಡು ಮತ್ತೆ ನಲ್ಲಿ ತಿರುಗಿಸಿದ.

"ಎಡಗೈದೋ, ಬಲಗೈದೋ?"

"ಎರಡೂ."